ಆರದ ಎಂಜಿನ್ ದೀಪ: ನಿದಾನದ ಒಂದು ಪಾಠ

ತರಗತಿ: 9. ಭಾಷೆ ಮತ್ತು ವಿಜ್ಞಾನ ಜೊತೆಯಾಗಿ. ಅವಧಿಗಳು: 4

ಪಾಠದ ಹಿನ್ನೆಲೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಇರುತ್ತದೆ, ಪೇಟೆಯಲ್ಲಿ ಮಲಯಾಳ, ತರಗತಿಯ ಕೋಣೆಯಲ್ಲಿ ಗ್ರಂಥಸ್ಥ ಕನ್ನಡ. ಅಜ್ಜಿಯ ಮನೆಯ ಭೂತಕೋಲವನ್ನು ಕನ್ನಡದಲ್ಲಿ ವರ್ಣಿಸಬಲ್ಲ ವಿದ್ಯಾರ್ಥಿಯೇ ಗ್ಯಾರೇಜಿನ ವಿಷಯ ಬಂದೊಡನೆ ಪೇಟೆಯ ಭಾಷೆಗೆ ಹೊರಳುತ್ತಾನೆ. ಯಂತ್ರದ ಮಾತಿಗೆ ಕನ್ನಡ ಒದಗುವುದಿಲ್ಲವೆಂಬ ಭಾವನೆ ಅವನಲ್ಲಿ ಯಾರೂ ಹೇಳಿಕೊಡದೆಯೇ ಬೆಳೆದಿರುತ್ತದೆ. ಹತ್ತನೆಯ ತರಗತಿಯ ಬಳಿಕ ಇವರಲ್ಲಿ ಕೆಲವರಾದರೂ ಐಟಿಐ ಸೇರುವವರು, ವರ್ಕ್‌ಶಾಪಿನಲ್ಲಿ ಕೆಲಸ ಕಲಿಯುವವರು. ಆದುದರಿಂದ ಈ ಪಾಠದಲ್ಲಿ ಹಳೆಯ ಕಾರೊಂದರ ಕೆಡುಕನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿಯೇ ವಿಚಾರಿಸಲಾಗಿದೆ.

ಹೋಸ್, ಪ್ಲಗ್, ಸೈಲೆನ್ಸರ್, ಸೆನ್ಸರ್ ಮುಂತಾದ ಪದಗಳನ್ನು ಕನ್ನಡೀಕರಿಸಲು ಶಿಕ್ಷಕರು ಶ್ರಮಪಡಬೇಕಾಗಿಲ್ಲ. ಅವು ಈಗಾಗಲೇ ಜನರ ಬಾಯಲ್ಲಿ ನೆಲೆಗೊಂಡಿವೆ. ಒಂದರಿಂದ ಇನ್ನೊಂದು ಹೇಗೆ ಉಂಟಾಯಿತು ಎಂದು ತಿಳಿಸುವ ವಾಕ್ಯಗಳು ಸರಾಗವಾಗಿ ಬಂದರೆ ಪಾಠದ ಉದ್ದೇಶ ಈಡೇರಿತು.

ಪಾಠವನ್ನು ಒಂದು ಕಾಗುಣಿತದಿಂದ ಆರಂಭಿಸುವುದು ಒಳ್ಳೆಯದು. ‘ನಿದಾನ’ ಮತ್ತು ‘ನಿಧಾನ’ ಎಂಬ ಎರಡು ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಅರ್ಥ ಕೇಳಬೇಕು. ಹೆಚ್ಚಿನವರು ಎರಡಕ್ಕೂ ‘ಮೆಲ್ಲಗೆ’ ಎಂದೇ ಹೇಳುತ್ತಾರೆ. ಅಲ್ಪಪ್ರಾಣದ ‘ನಿದಾನ’ಕ್ಕೆ ಮೂಲ ಕಾರಣ, ರೋಗದ ಕಾರಣವನ್ನು ಗುರುತಿಸುವುದು ಎಂಬ ಅರ್ಥವಿದೆ. ಆಯುರ್ವೇದದ ಪ್ರಸಿದ್ಧ ಗ್ರಂಥವೊಂದಕ್ಕೆ ಮಾಧವನಿದಾನವೆಂಬ ಹೆಸರು ಬಂದುದು ಇದರಿಂದಲೇ. ಮಹಾಪ್ರಾಣದ ‘ನಿಧಾನ’ ಸಾವಕಾಶವನ್ನು ಸೂಚಿಸುತ್ತದೆ. ಕಾರಿನ ಮಟ್ಟಿಗೆ ಎರಡನೆಯದಿಲ್ಲದೆ ಮೊದಲನೆಯದು ನಡೆಯುವುದಿಲ್ಲವೆಂಬುದು ಮುಂದಿನ ನಿದರ್ಶನದಿಂದ ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುತ್ತದೆ. ಶಿಕ್ಷಕರು ಮೊದಲೇ ಹೇಳಬಾರದು.

ವಿಷಯ ವಿವರಣೆ

ಚಾಲಕನ ಎದುರಿನ ಫಲಕದಲ್ಲಿ ಹಳದಿ ಬಣ್ಣದ ಎಂಜಿನ್ ಆಕೃತಿಯಾಗಿ ಬೆಳಗುವ ದೀಪಕ್ಕೆ ಚೆಕ್ ಎಂಜಿನ್ ದೀಪವೆಂದು ಹೆಸರು. ಎಂಜಿನ್ ಕೆಟ್ಟಿದೆಯೆಂದು ಮಾಲಕನಿಗೆ ತಿಳಿಸಲು ಈ ದೀಪವನ್ನು ಇಟ್ಟಿರುವರೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಇದರ ಹಿಂದಿರುವುದು ಹೊಗೆಯ ಕಥೆ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಯ ಮಬ್ಬಿಗೆ ವಾಹನ ಮತ್ತು ಎಣ್ಣೆ ಶುದ್ಧೀಕರಣ ಕೇಂದ್ರಗಳಿಂದ ಹೊರಬರುವ ಅನಿಲಗಳು ಬಿಸಿಲಿನಲ್ಲಿ ಪರಸ್ಪರ ವರ್ತಿಸುವುದೇ ಕಾರಣವೆಂದು 1950ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. ಮುಂದೆ ಕ್ಯಾಲಿಫೋರ್ನಿಯಾ ರಾಜ್ಯವು ಹೊಗೆಯ ಮೇಲೆ ನಿಯಮಗಳನ್ನು ಬಿಗಿಗೊಳಿಸುತ್ತ ಹೋಗಿ, 1988ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಎಂಜಿನ್ನಿನ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂದು ವಿಧಿಸಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಂಕೇತಗಳು ಕಡ್ಡಾಯವಾದವು. ಭಾರತದಲ್ಲಿ ಬಿಎಸ್ 4 ನಿಯಮಗಳ ಜೊತೆಗೆ ಈ ವ್ಯವಸ್ಥೆಯ ಮೊದಲ ಹಂತವು 2010ರ ಏಪ್ರಿಲ್‌ನಲ್ಲಿಯೂ ಎರಡನೆಯ ಹಂತವು 2013ರ ಏಪ್ರಿಲ್‌ನಲ್ಲಿಯೂ ಬಂದವು. ಹಾಗಾಗಿ ಈ ದೀಪ ಉರಿದಾಗ ಮೊದಲು ಗ್ರಹಿಸಬೇಕಾದ ಅರ್ಥ ಇಷ್ಟೇ: ಹೊಗೆಯನ್ನು ಹದದಲ್ಲಿಡುವ ಏರ್ಪಾಟಿನಲ್ಲಿ ಎಲ್ಲಿಯೋ ಲೆಕ್ಕ ತಪ್ಪಿದೆ.

ಲೆಕ್ಕ ಯಾವುದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸಬೇಕು, ಏಕೆಂದರೆ ಉಳಿದುದೆಲ್ಲ ಇದರ ಮೇಲೆ ನಿಂತಿದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಏರ್ ಫಿಲ್ಟರನ್ನು ದಾಟಿ ಒಳಬರುವ ಗಾಳಿಯನ್ನು ಒಂದು ಮಾಪಕ ಅಳೆಯುತ್ತದೆ. ಅದು ಹೇಳಿದ ಲೆಕ್ಕಕ್ಕೆ ತಕ್ಕಂತೆ ಕಂಪ್ಯೂಟರ್ ಪೆಟ್ರೋಲ್ ಸಿಂಪಡಿಸುತ್ತದೆ. ಉರಿದು ಹೊರಬರುವ ಹೊಗೆಯ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಕುಳಿತಿದೆ. ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಅದರ ವೋಲ್ಟೇಜ್ 0.1ರ ಆಸುಪಾಸಿಗೆ ಇಳಿಯುತ್ತದೆ. ಪೆಟ್ರೋಲ್ ಮಿಕ್ಕಿದ್ದರೆ 0.9ರ ಬಳಿಗೆ ಏರುತ್ತದೆ. ಇದನ್ನು ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ತುಸು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಅಡುಗೆಯವರು ಸಾರಿನ ರುಚಿ ನೋಡಿ ಉಪ್ಪು ಹಾಕುವ ಹಾಗೆ ಇದು ಎಡೆಬಿಡದೆ ನಡೆಯುತ್ತಿರುತ್ತದೆ. ಹೀಗೆ ಕೂಡಿಸಿದ್ದು, ಕಳೆದದ್ದು ಶೇಕಡಾ ಲೆಕ್ಕದಲ್ಲಿ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುತ್ತದೆ. ಇದನ್ನು ಇಂಧನ ತಿದ್ದುಪಡಿ ಎಂದು ಕರೆಯಬಹುದು.

ಎಷ್ಟು ಕೂಡಿಸಿದರೂ ಹೊಗೆಯಲ್ಲಿ ಆಮ್ಲಜನಕ ಮಿಗುತ್ತಲೇ ಇದ್ದು, ತಿದ್ದುಪಡಿ ತಯಾರಕರು ನಿಗದಿಪಡಿಸಿದ ಮಿತಿಯನ್ನು ಮೀರಿದರೆ ಕಂಪ್ಯೂಟರ್ ‘ಪಿ 0171’ ಎಂಬ ಸಂಕೇತವನ್ನು ದಾಖಲಿಸುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಒಂದು ಸಲ ಕಂಡ ಮಾತ್ರಕ್ಕೆ ದೀಪ ಉರಿಯುವುದಿಲ್ಲ. ಮುಂದಿನ ಪಯಣದಲ್ಲಿಯೂ ಅದೇ ದೋಷ ಕಂಡುಬಂದರೆ ಉರಿಯುತ್ತದೆ. ದೋಷ ಕಂಡ ಕ್ಷಣದಲ್ಲಿ ವಾಹನದ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಬಿಸಿಯಾಗಿತ್ತು ಎಂಬ ಮಾಹಿತಿಯೂ ಒಂದು ಭಾವಚಿತ್ರದಂತೆ ಉಳಿದಿರುತ್ತದೆ.

ತರಗತಿಯಲ್ಲಿ ಹೇಳಬೇಕಾದ ನಿದರ್ಶನ

ಈ ಭಾಗವನ್ನು ಶಿಕ್ಷಕರು ಓದಿ ಹೇಳದೆ ಕಥೆಯಾಗಿ ಹೇಳಬೇಕು. ನಡುನಡುವೆ ನಿಲ್ಲಿಸಿ, ಮುಂದೇನು ಮಾಡಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಬೇಕು.

ಮುಳ್ಳೇರಿಯದ ಕಡೆಯ ಒಬ್ಬ ನಿವೃತ್ತ ಅಧ್ಯಾಪಕರ ಬಳಿ 2013ರಲ್ಲಿ ಕೊಂಡ ಪೆಟ್ರೋಲ್ ಕಾರಿದೆಯೆಂದು ಇಟ್ಟುಕೊಳ್ಳಬೇಕು. ಅವರ ಪತ್ನಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್. ಅದಕ್ಕೆ ಮಂಗಳೂರಿಗೆ ಹೋಗಿ ಬರಬೇಕು. ಬಸ್ಸಿನಲ್ಲಿ ಕುಳಿತು ಮರಳುವಷ್ಟು ತ್ರಾಣ ಆಕೆಗಿಲ್ಲ. ಕಾರು ದಾರಿಯಲ್ಲಿ ನಿಂತರೆ ಆ ದಿನದ ಚಿಕಿತ್ಸೆ ತಪ್ಪುತ್ತದೆ. ಇಂಥ ಕಾರಿನಲ್ಲಿ ಒಂದು ಬೆಳಗ್ಗೆ ಹಳದಿ ದೀಪ ಹೊತ್ತಿಕೊಂಡಿತು.

ಗ್ಯಾರೇಜಿನವನು ಸ್ಕ್ಯಾನರ್ ಚುಚ್ಚಿ ನೋಡಿದ. ಪಿ 0171 ಬಂತು. “ಆಕ್ಸಿಜನ್ ಸೆನ್ಸರ್ ಹೋಗಿದೆ ಮಾಷ್ಟ್ರೇ, ಹೊಸತು ಹಾಕುವ” ಎಂದ. ಗಾಡಿ ನಿಂತಲ್ಲಿ ಸಣ್ಣಗೆ ನಡುಗುತ್ತದೆ, ಓಡುವಾಗ ಏನೂ ಇಲ್ಲ ಎಂದು ಅಧ್ಯಾಪಕರು ಹೇಳಿದರು. ಆ ಮಾತನ್ನು ಯಾರೂ ಗಮನಿಸಲಿಲ್ಲ. ಹಲವು ಸಾವಿರ ರೂಪಾಯಿ ಖರ್ಚಾಗಿ ಹೊಸ ಸೆನ್ಸರ್ ಬಂತು, ಸಂಕೇತವನ್ನು ಅಳಿಸಲಾಯಿತು, ದೀಪ ಆರಿತು. ನಾಲ್ಕನೆಯ ದಿನ ತಲಪಾಡಿ ದಾಟುವಾಗ ಮತ್ತೆ ಹೊತ್ತಿಕೊಂಡಿತು.

ಇಲ್ಲಿ ಕಥೆಯನ್ನು ನಿಲ್ಲಿಸಿ ಕೇಳಬೇಕಾದ ಪ್ರಶ್ನೆ: ಸೆನ್ಸರ್ ಬದಲಾಯಿಸಿದ್ದರಿಂದ ದೀಪ ಆರಿತೆ? ವಿದ್ಯಾರ್ಥಿಗಳು ಹೌದೆನ್ನಬಹುದು. ದೀಪ ಆರಿದ್ದು ಸಂಕೇತ ಅಳಿಸಿದ್ದರಿಂದ. ಬ್ಯಾಟರಿಯ ತಂತಿ ಬಿಚ್ಚಿಟ್ಟರೂ ಅನೇಕ ಕಾರುಗಳಲ್ಲಿ ಹೀಗೆಯೇ ಆರುತ್ತದೆ. ಅಳಿಸಿದಾಗ ಕಂಪ್ಯೂಟರ್ ಕಲಿತುಕೊಂಡಿದ್ದ ತಿದ್ದುಪಡಿಯೂ ದೋಷದ ಕ್ಷಣದ ಭಾವಚಿತ್ರವೂ ಹೋಗುತ್ತವೆ. ಅದು ಹೊಸದಾಗಿ ಕಲಿತು, ಮಿತಿ ಮೀರಿದ್ದನ್ನು ಕಂಡು, ಇನ್ನೊಂದು ಪಯಣದಲ್ಲಿ ಖಚಿತಪಡಿಸಿಕೊಳ್ಳುವವರೆಗೆ ದೀಪ ಸುಮ್ಮನಿರುತ್ತದೆ. ಈ ಕೆಲವು ದಿನಗಳ ಮೌನವನ್ನೇ ಮಾಲಕರು ದುರಸ್ತಿಯೆಂದು ತಿಳಿಯುತ್ತಾರೆ. ಉತ್ತರಪತ್ರಿಕೆಯಲ್ಲಿನ ಕೆಂಪು ಗುರುತನ್ನು ಅಳಿಸಿಬಿಟ್ಟರೆ ಲೆಕ್ಕ ಸರಿಯಾದಂತಾಗುವುದೇ ಎಂದು ಕೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ, ಅರ್ಥವೂ ಆಗುತ್ತದೆ.

ಕಥೆ ಮುಂದುವರಿಯುತ್ತದೆ. ಎರಡನೆಯ ಬಾರಿ ಪ್ಲಗ್ಗುಗಳು ಹೊಸತಾದವು, ಇಂಜೆಕ್ಟರ್ ಶುಚಿಯಾಯಿತು. ದೀಪ ಆರಿತು, ಮರಳಿ ಬಂತು. ಮೂರನೆಯ ಬಾರಿ ಪೆಟ್ರೋಲ್ ಪಂಪ್ ಬದಲಾಯಿಸಬೇಕೆಂಬ ಸಲಹೆ ದೊರೆಯಿತು. ಅಧ್ಯಾಪಕರು ಕಾರನ್ನು ಮಾರಿಬಿಡುವ ಯೋಚನೆಗೆ ಬಂದಿದ್ದರು. ದೀಪ ಉರಿಯುವ ಹಳೆಯ ಕಾರಿಗೆ ಎಷ್ಟು ಬೆಲೆ ಬರುತ್ತದೆಂಬುದನ್ನು ಊಹಿಸಬಹುದು.

ಮೊದಲ ಗ್ಯಾರೇಜಿನವನನ್ನು ಮೋಸಗಾರನೆಂದು ಚಿತ್ರಿಸುವುದು ತಪ್ಪಾಗುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಓಡಿದ ಕಾರಿನಲ್ಲಿ ಸೆನ್ಸರ್ ಬಳಲಿರುವ ಸಂಭವ ಇದ್ದೇ ಇದೆ. ಅವನ ಊಹೆ ಕೆಟ್ಟದಲ್ಲ. ಊಹೆಯನ್ನು ಪರೀಕ್ಷಿಸದೆ ತೀರ್ಪಾಗಿಸಿದ್ದು ಕೆಟ್ಟದು. ಸೆನ್ಸರ್ ‘ಆಮ್ಲಜನಕ ಹೆಚ್ಚಿದೆ’ ಎಂದು ಸಾಕ್ಷಿ ನುಡಿಯಿತು, ಸಾಕ್ಷಿಯನ್ನೇ ಅಪರಾಧಿಯೆಂದು ಹಿಡಿದು ಹೊರಗೆ ಹಾಕಲಾಯಿತು. ಬದಲಿಗೆ ಬಂದ ಹೊಸ ಸಾಕ್ಷಿಯೂ ನಾಲ್ಕು ದಿನಗಳಲ್ಲಿ ಅದೇ ಮಾತನ್ನು ಹೇಳಿತು. ಹಳೆಯ ಸೆನ್ಸರ್ ಸುಳ್ಳು ಹೇಳಿರಲಿಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ. ಆದರೆ ಅದನ್ನು ಪುರಾವೆಯಾಗಿ ಯಾರೂ ಓದಲಿಲ್ಲ.

ನಾಲ್ಕನೆಯ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ ಮೊದಲು ಕೇಳಿದ: “ಯಾವಾಗ ನಡುಗುವುದು ಮಾಷ್ಟ್ರೇ? ನಿಂತಾಗಲೋ, ಓಡುವಾಗಲೋ?” ಉತ್ತರ ಪಡೆದು, ಸಂಕೇತವನ್ನು ಅಳಿಸದೆ, ಎಂಜಿನ್ ಓಡುತ್ತಿರುವಾಗಲೇ ತಿದ್ದುಪಡಿಯ ಅಂಕಿಗಳನ್ನು ನೋಡಿದ. ನಿಂತಲ್ಲಿ ಮೆಲ್ಲಗೆ ತಿರುಗುವಾಗ ಕಂಪ್ಯೂಟರ್ ಶೇಕಡಾ 20ಕ್ಕಿಂತ ಹೆಚ್ಚು ಪೆಟ್ರೋಲ್ ಕೂಡಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2500 ಸುತ್ತುಗಳಲ್ಲಿ ಹಿಡಿದಾಗ ಅದು ಶೇಕಡಾ 5ರ ಬಳಿಗೆ ಇಳಿಯಿತು.

ಪಂಪ್ ಸೋತಿದ್ದರೆ ಹೀಗಾಗುತ್ತಿರಲಿಲ್ಲ. ಪೆಟ್ರೋಲಿನ ಬೇಡಿಕೆ ಹೆಚ್ಚಿದಷ್ಟೂ ಕೊರತೆ ಹೆಚ್ಚಬೇಕಿತ್ತು, ತಿದ್ದುಪಡಿ ಏರಬೇಕಿತ್ತು. ಇಲ್ಲಿ ಇಳಿದಿದೆ. ಅಂದರೆ ಮಾಪಕವನ್ನು ದಾಟಿದ ಮೇಲೆ, ಅಳತೆಗೆ ಸಿಗದೆ, ಎಲ್ಲಿಂದಲೋ ಗಾಳಿ ನುಸುಳುತ್ತಿದೆ.

ಇದನ್ನು ಗಣಿತದ ಅವಧಿಯಲ್ಲಿ ಲೆಕ್ಕವಾಗಿಯೇ ಮಾಡಿಸಬಹುದು. ಬಿರುಕಿನಿಂದ ಸೆಕೆಂಡಿಗೆ 0.5 ಗ್ರಾಂ ಗಾಳಿ ನುಸುಳುತ್ತದೆ ಎಂದುಕೊಳ್ಳಬೇಕು. ನಿಂತಲ್ಲಿ ಮಾಪಕವು ಸೆಕೆಂಡಿಗೆ 2.5 ಗ್ರಾಂ ಗಾಳಿಯನ್ನು ಅಳೆಯುತ್ತಿದ್ದರೆ ಅಳತೆ ತಪ್ಪಿದ ಗಾಳಿ ಅದರ ಶೇಕಡಾ 20. ವೇಗ ಹೆಚ್ಚಿಸಿ ಮಾಪಕವು 10 ಗ್ರಾಂ ಅಳೆಯುವಾಗ ಅದೇ ಅರ್ಧ ಗ್ರಾಂ ಶೇಕಡಾ 5 ಮಾತ್ರ. ಒಂದು ಲೋಟ ಹಾಲಿಗೆ ಬಿದ್ದ ಒಂದು ಸೌಟು ನೀರು ನಾಲಗೆಗೆ ತಿಳಿಯುತ್ತದೆ, ಒಂದು ಕೊಡ ಹಾಲಿಗೆ ಬಿದ್ದರೆ ತಿಳಿಯುವುದಿಲ್ಲ. ವಾಸ್ತವದಲ್ಲಿ ಆಕ್ಸಿಲರೇಟರ್ ಒತ್ತಿ ಗಾಳಿಯ ದಾರಿ ಅಗಲವಾಗಿ ತೆರೆದುಕೊಂಡಾಗ ಒಳಗಿನ ಎಳೆತವೂ ಕಡಿಮೆಯಾಗುವುದರಿಂದ ನುಸುಳುವ ಗಾಳಿ ಇನ್ನೂ ತಗ್ಗಬಹುದು. ಚುರುಕಿನ ವಿದ್ಯಾರ್ಥಿಗಳಿಗೆ ಅದನ್ನೂ ಹೇಳಬಹುದು.

ಎಂಜಿನ್ನಿನ ಒಳಗಿನಿಂದ ಬರುವ ಆವಿಯನ್ನು ಮರಳಿ ಗಾಳಿಯ ಕೊಳವೆಗೆ ಒಯ್ಯುವ ಒಂದು ರಬ್ಬರ್ ಹೋಸ್ ಇರುತ್ತದೆ. ವರ್ಷಗಟ್ಟಲೆ ಬಿಸಿಗೂ ಎಣ್ಣೆಗೂ ಒಡ್ಡಿಕೊಂಡು ಅದು ಗಡುಸಾಗಿತ್ತು. ಮೇಲಿನಿಂದ ನೋಡಿದರೆ ಸರಿಯಾಗಿಯೇ ಇತ್ತು. ಮೆಕ್ಯಾನಿಕ್ ಗಾಳಿಯ ಕೊಳವೆಯೊಳಗೆ ಹೊಗೆ ಊದಿ ನೋಡಿದಾಗ ಹೋಸಿನ ತಳಭಾಗದ ಮಡಿಕೆಯಿಂದ ಹೊಗೆಯ ಎಳೆಯೊಂದು ಮೇಲೆದ್ದಿತು. ಬೆರಳುಗುರಿನಷ್ಟು ಉದ್ದದ ಬಿರುಕು. ಹೊಸ ಹೋಸಿಗೆ ಕೆಲವು ನೂರು ರೂಪಾಯಿ ತಗಲಿತು. ಆತ ಸಂಕೇತವನ್ನು ಆಗಲೂ ಅಳಿಸಲಿಲ್ಲ. ದೋಷ ಕಾಣದ ಮೂರು ಪಯಣಗಳಾದ ಮೇಲೆ ದೀಪವನ್ನು ಕಂಪ್ಯೂಟರೇ ಆರಿಸುತ್ತದೆ. ಹಾಗೆ ತಾನಾಗಿ ಆರುವುದನ್ನು ನೋಡಿದ ಮೇಲೆ ಹಣ ಕೊಟ್ಟರೆ ಸಾಕೆಂದು ಹೇಳಿ ಕಳುಹಿಸಿದ. ಮುಂದಿನ ವಾರ, ಮಂಗಳೂರಿನಿಂದ ಮರಳಿದ ಮರುದಿನ ಬೆಳಗ್ಗೆ ಕಾರು ಚಾಲು ಮಾಡಿದಾಗ ದೀಪ ಇರಲಿಲ್ಲ.

ಶಿಕ್ಷಕರ ಗಮನಕ್ಕೆ

ನಿದರ್ಶನದ ಕಾರಿನಲ್ಲಿ ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಮಾಪಕವಿದೆ. ಅನೇಕ ಸಣ್ಣ ಕಾರುಗಳಲ್ಲಿ ಅದರ ಬದಲು ಕೊಳವೆಯೊಳಗಿನ ಒತ್ತಡವನ್ನು ನೋಡಿ ಗಾಳಿಯನ್ನು ಲೆಕ್ಕ ಹಾಕುವ ಸೆನ್ಸರ್ ಇರುತ್ತದೆ. ಅಂಥವುಗಳಲ್ಲಿ ನುಸುಳಿದ ಗಾಳಿಯೂ ಬಹುಮಟ್ಟಿಗೆ ಲೆಕ್ಕಕ್ಕೆ ಸೇರುವುದರಿಂದ, ಅದೇ ಬಿರುಕು ಹೆಚ್ಚಾಗಿ ನಿಂತಲ್ಲಿ ಎಂಜಿನ್ ವೇಗವಾಗಿ ತಿರುಗುವುದರ ಮೂಲಕ ತೋರಿಬರುತ್ತದೆ. ತಂದೆಯ ಕಾರಿನಲ್ಲಿ ಹೀಗಾಗಲಿಲ್ಲವೆಂದು ಯಾರಾದರೂ ಹೇಳಿದರೆ ಆ ಮಾತನ್ನು ತಳ್ಳಿಹಾಕಬಾರದು. ಅಮೆರಿಕದ ಸಲಹೆಗಳನ್ನು ಹಾಗೆಯೇ ಎತ್ತಿಕೊಂಡು, ದೀಪ ಉರಿದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಎಂದು ಹೇಳುವುದು ರೂಢಿಯಾಗಿದೆ. ಅಲ್ಲಿಯ ನಿಯಮದಂತೆ ಟ್ಯಾಂಕಿನ ಆವಿ ಸೋರುವುದನ್ನೂ ಕಂಪ್ಯೂಟರ್ ಪರೀಕ್ಷಿಸಬೇಕು; ಇಲ್ಲಿಯ ಹಳೆಯ ಕಾರುಗಳಿಗೆ ಆ ಸಲಹೆ ಅಪರೂಪಕ್ಕೆ ಹೊಂದೀತು.

‘ಸೋರಿಕೆ’ ಎಂಬ ಪದ ಇಲ್ಲಿ ತುಸು ದಾರಿ ತಪ್ಪಿಸುತ್ತದೆ. ಮಾಡು ಸೋರುವುದು, ಕೊಡ ಸೋರುವುದು ಎಂದಾಗ ನೀರು ತೊಟ್ಟಿಕ್ಕುವ ಚಿತ್ರ ಮನಸ್ಸಿಗೆ ಬರುತ್ತದೆ. ಎಂಜಿನ್ ಗಾಳಿಯನ್ನು ಒಳಗೆಳೆಯುವುದರಿಂದ ಇಂಥ ಬಿರುಕಿನಲ್ಲಿ ಏನೂ ಹೊರಗೆ ಬರುವುದಿಲ್ಲ, ನೆಲದಲ್ಲಿ ಕಲೆ ಬೀಳುವುದಿಲ್ಲ. ‘ನುಸುಳು’ ಎಂಬ ಕ್ರಿಯಾಪದವೇ ಹೆಚ್ಚು ಸರಿಯಾದುದು. ಒಂದು ಸ್ಟ್ರಾದ ನಡುವೆ ಸೂಜಿಯಿಂದ ತೂತು ಮಾಡಿ ನೀರು ಹೀರಲು ಹೇಳಿದರೆ ನೀರಿನ ಜೊತೆ ಗಾಳಿ ಒಳಬರುವುದು ಬಾಯಿಗೇ ತಿಳಿಯುತ್ತದೆ. ಈ ಪ್ರಯೋಗಕ್ಕೆ ಬೇರೆ ಉಪಕರಣ ಬೇಡ. ವಿದ್ಯಾರ್ಥಿಗಳನ್ನು ಓಡುತ್ತಿರುವ ಎಂಜಿನ್ನಿನ ಬಳಿ ನಿಲ್ಲಿಸಬಾರದು. ಬಿರುಕು ಹುಡುಕಲು ಕೆಲವರು ಬೇಗನೆ ಬೆಂಕಿ ಹತ್ತುವ ದ್ರವವನ್ನು ಎಂಜಿನ್ ಮೇಲೆ ಸಿಂಪಡಿಸುವುದುಂಟು. ಅದನ್ನು ತರಗತಿಯಲ್ಲಿ ಒಂದು ಉಪಾಯವಾಗಿ ಹೇಳಿಕೊಡುವುದೂ ಬೇಡ.

ದೀಪದ ಬಗೆಗಳನ್ನು ಮಾತ್ರ ತಪ್ಪದೆ ಹೇಳಬೇಕು. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಮಾಮೂಲಿನಂತೆ ಓಡುತ್ತಿದ್ದರೆ ಗ್ಯಾರೇಜಿನವರೆಗೆ ಸಾವಕಾಶವಾಗಿ ಹೋಗಬಹುದು. ಅದೇ ದೀಪ ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ ಎಂದರ್ಥ. ಅದು ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ವಿಪರೀತ ಬಿಸಿಯಾಗಿಸಿ ಕೆಡಿಸಬಹುದು. ವೇಗ ತಗ್ಗಿಸಿ, ಬದಿಗೆ ನಿಲ್ಲಿಸುವುದು ಲೇಸು. ಎಣ್ಣೆಯ ಅಥವಾ ಬಿಸಿಯ ಕೆಂಪು ದೀಪಗಳ ವಿಷಯ ಬೇರೆ. ಅವು ಉರಿದರೆ ಸುರಕ್ಷಿತ ಜಾಗ ನೋಡಿ ತಡಮಾಡದೆ ಎಂಜಿನ್ ನಿಲ್ಲಿಸಬೇಕು.

ಸಮಯ ಉಳಿದರೆ ಇನ್ನೊಂದು ಸಂಕೇತವನ್ನು ಒಗಟಿನಂತೆ ಕೊಡಬಹುದು. ಪಿ 0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ. ಅದರ ಕಾಯಿಲ್ ಕೆಟ್ಟಿದೆಯೆಂಬ ಸಂಶಯವಿದೆ. ಹೊಸ ಕಾಯಿಲ್ ಕೊಳ್ಳದೆ, ಒಂದು ರೂಪಾಯಿ ಖರ್ಚಿಲ್ಲದೆ ಸಂಶಯವನ್ನು ಪರೀಕ್ಷಿಸುವ ಬಗೆ ಯಾವುದು? ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳ ಕಾಯಿಲ್‌ಗಳನ್ನು ಅದಲುಬದಲು ಮಾಡಿ ಓಡಿಸಿದರೆ ಸಾಕು. ಸಂಕೇತ ಪಿ 0302ಕ್ಕೆ ಬದಲಾದರೆ ದೋಷ ಕಾಯಿಲ್ ಜೊತೆ ಹೋಯಿತು. ಬದಲಾಗದಿದ್ದರೆ ಕಾಯಿಲ್ ನಿರಪರಾಧಿ. ಪ್ಲಗ್ಗನ್ನೋ ಇಂಜೆಕ್ಟರನ್ನೋ ನೋಡಬೇಕು. ಏಕಕಾಲದಲ್ಲಿ ಪ್ಲಗ್ಗನ್ನೂ ಕಾಯಿಲನ್ನೂ ಬದಲಿಸಿದರೆ ಏನು ತಿಳಿಯುವುದಿಲ್ಲ ಎಂದು ಅವರೇ ಹೇಳಲಿ.

ಭಾಷಾಭ್ಯಾಸ

ಮೂರನೆಯ ಅವಧಿ ವ್ಯಾಕರಣಕ್ಕೆ ಮೀಸಲು. ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ರೂಪಗಳನ್ನು ವಿದ್ಯಾರ್ಥಿಗಳು ಕಲಿತಿರುತ್ತಾರೆ. ‘ಬಂದಾನು, ಬಂದೀತು’ ಎಂಬ ಉದಾಹರಣೆಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯ ಹೊರಗೆ ಅವನ್ನು ಬಳಸುವುದೇ ಇಲ್ಲ. ನಿದಾನದ ಭಾಷೆಗೆ ಸಂಭಾವನಾರ್ಥವೇ ಆಧಾರ. ಕೆಳಗಿನ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಪ್ರತಿಯೊಂದನ್ನೂ ಯಾರು, ಕಥೆಯ ಯಾವ ಹಂತದಲ್ಲಿ ಹೇಳಬಹುದಿತ್ತು ಎಂದು ಚರ್ಚಿಸಬೇಕು.

ಹೋಸ್ ಒಡೆದಿದೆ.
ಹೋಸ್ ಒಡೆದಿರಬೇಕು.
ಹೋಸ್ ಒಡೆದಿರಬಹುದು.
ಹೋಸ್ ಒಡೆದಿದ್ದೀತು.
ಹೋಸ್ ಒಡೆದಿದೆಯಂತೆ.

ಮೊದಲನೆಯದನ್ನು ಹೊಗೆಯ ಎಳೆ ಕಂಡವನಷ್ಟೇ ಹೇಳಬಲ್ಲ. ಅಂಕಿಗಳನ್ನು ನೋಡಿ ತರ್ಕಿಸಿದವನದು ಎರಡನೆಯದು. ಸಂಕೇತವನ್ನಷ್ಟೇ ಓದಿದವನು ಮೂರನೆಯ, ನಾಲ್ಕನೆಯ ವಾಕ್ಯಗಳಲ್ಲಿ ನಿಲ್ಲಬೇಕು. ಮನೆಗೆ ಬಂದು ಪತ್ನಿಗೆ ವರದಿ ಹೇಳುವ ಅಧ್ಯಾಪಕರ ಬಾಯಲ್ಲಿ ಐದನೆಯದು ಸಹಜ. ‘ಅಂತೆ’ ಎಂಬ ಒಂದು ಪ್ರತ್ಯಯದಿಂದ, ಇದು ತಾನು ಕಂಡದ್ದಲ್ಲ, ಕೇಳಿದ್ದು ಎಂದು ಕನ್ನಡ ಸೂಚಿಸಿಬಿಡುತ್ತದೆ. ಮೊದಲ ಗ್ಯಾರೇಜಿನವನು ‘ಸೆನ್ಸರ್ ಹೋಗಿದೆ’ ಎನ್ನುವಲ್ಲಿ ‘ಹೋಗಿರಬಹುದು’ ಎಂದಿದ್ದರೆ ಮುಂದಿನ ಮಾತು ‘ಹೊಸತು ಹಾಕುವ’ ಎಂದಾಗುತ್ತಿತ್ತೋ ‘ನೋಡುವ’ ಎಂದಾಗುತ್ತಿತ್ತೋ ಎಂಬುದು ಈ ಅವಧಿಯ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಬರೆಯಿಸದೆ ಮಾತನಾಡಿಸಬೇಕು.

ಮಲಯಾಳದಲ್ಲಿ, ತುಳುವಿನಲ್ಲಿ ಇವೇ ಐದು ವಾಕ್ಯಗಳನ್ನು ಹೇಗೆ ಹೇಳುತ್ತಾರೆಂದು ಕೇಳಿದರೆ ತರಗತಿಗೆ ಕಳೆ ಬರುತ್ತದೆ. ಶಿಕ್ಷಕರಿಗೆ ಆ ಭಾಷೆಗಳು ಬಾರದಿದ್ದರೂ ಅಡ್ಡಿಯಿಲ್ಲ. ವಿದ್ಯಾರ್ಥಿಗಳೇ ಇಲ್ಲಿ ಬಲ್ಲವರು.

ಮೌಲ್ಯಮಾಪನ

ಮನೆಯಲ್ಲಿ ಕೆಟ್ಟು ದುರಸ್ತಿಯಾದ ಯಾವುದಾದರೊಂದು ವಸ್ತುವಿನ, ಅಂದರೆ ಪಂಪ್‌ಸೆಟ್, ಮಿಕ್ಸಿ, ಸೈಕಲ್, ಅಡಿಕೆ ತೋಟದ ಸ್ಪ್ರೇಯರ್ ಇತ್ಯಾದಿಗಳ ನಿದಾನವನ್ನು ಇಪ್ಪತ್ತು ವಾಕ್ಯಗಳಲ್ಲಿ ಬರೆಯಲು ಹೇಳಬೇಕು. ಕಂಡದ್ದು, ಊಹಿಸಿದ್ದು, ಪರೀಕ್ಷಿಸಿದ್ದು ಬೇರೆಬೇರೆಯಾಗಿ ತಿಳಿಯುವಂತಿರಬೇಕು. ಅಂಕ ಕೊಡುವಾಗ ಎರಡು ಬಗೆಯ ಉತ್ತರಗಳು ಎದುರಾಗುತ್ತವೆ. ಒಂದರಲ್ಲಿ ಭಾಷೆ ಅಚ್ಚುಕಟ್ಟು: ‘ಪಂಪ್ ಹಾಳಾಗಿತ್ತು, ಮೆಕ್ಯಾನಿಕನು ಬಂದು ದುರಸ್ತಿ ಮಾಡಿದನು, ನಾವೆಲ್ಲರೂ ಸಂತೋಷಗೊಂಡೆವು.’ ಇನ್ನೊಂದರಲ್ಲಿ ಕಾಗುಣಿತ ತಪ್ಪಿರುತ್ತದೆ, ವಾಕ್ಯಗಳು ತಡವರಿಸುತ್ತವೆ, ಆದರೆ ಹೀಗೊಂದು ಮಾತಿರುತ್ತದೆ: ‘ನೀರು ಬರಲಿಲ್ಲ, ಮೋಟರು ತಿರುಗುತ್ತಿತ್ತು, ಅದಕ್ಕೆ ಕರೆಂಟಿನದ್ದಲ್ಲ ಅಂತ ಅಪ್ಪ ಪೈಪಿನ ಬುಡ ನೋಡಿದರು.’ ಎರಡನೆಯ ಉತ್ತರದ ಕಾಗುಣಿತವನ್ನು ತಿದ್ದಿ, ‘ಅದಕ್ಕೆ’ ಎಂಬ ಪದದ ಕೆಳಗೆ ಗೆರೆ ಎಳೆದು, ಹೆಚ್ಚಿನ ಅಂಕವನ್ನು ಅದಕ್ಕೇ ಕೊಡಬೇಕು. ಮೊದಲನೆಯ ಉತ್ತರವನ್ನು ಮೋಟರು ತಿರುಗುತ್ತಿತ್ತೇ ಎಂಬ ಒಂದೇ ಪ್ರಶ್ನೆಯನ್ನು ಅಂಚಿನಲ್ಲಿ ಬರೆದು ಮರಳಿಸಬೇಕು.